ಅವನಿಗೆ ಎರಡನೆಯದು, ನನಗೆ?

ಫೆಬ್ರವರಿ ೫, ಸೋಮವಾರ

ಅಮ್ಮ ಇವತ್ತು ನನ್ನ ಕನ್ನಡಿಯನ್ನು ಮೊಳೆಯಿಂದ ಕಿತ್ತು ಬಚ್ಚಲಿಗೆ ಸಾಗಿಸಿದಳು. ಆ ಮೊಳೆಗೆ ಅಣ್ಣನ ಫೋಟೋ ಬಂತು. ಕಾಲೇಜಿನ ರಿಲೇ ತಂಡ. ನಾಲ್ಕು ಜನ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ, ಕೊರಳಲ್ಲಿ ಪದಕ. ಎಡಗಡೆಯಿಂದ ಮೂರನೆಯವನು ನಮ್ಮವನು, ಹಲ್ಲು ಕಿರಿದುಕೊಂಡು ನಿಂತಿದ್ದಾನೆ.

"ಗೋಡೇಲಿ ಬೇರೆ ಜಾಗ ಇರ್ಲಿಲ್ವಾ?" ಅಂದೆ.

"ಬಾಗಿಲು ತೆಗೆದ ತಕ್ಷಣ ಕಾಣೋದು ಇದೊಂದೇ ಜಾಗ ಕಣೇ."

"ನಾನು ಮುಖ ಬಚ್ಚಲಲ್ಲಿ ನೋಡ್ಕೋಬೇಕಾ?"

"ನಿನ್ನ ಮುಖ ಎಲ್ಲಿ ನೋಡಿದ್ರೂ ಸಿಡಿಮಿಡೀನೇ. ಬಚ್ಚಲಾದ್ರೇನು, ಅರಮನೆ ಆದ್ರೇನು?"

ಈ ನೋಟ್‌ಬುಕ್ಕೂ ಅವನದೇ. ಕಾಲೇಜಿನವರು ಕಟ್ಟುಗಟ್ಟಲೆ ಕೊಟ್ಟಿದ್ದಾರೆ, ಒಂದನ್ನು ಎತ್ತಿಕೊಂಡೆ. ನನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಆಡಿದರೆ ಮನೆ ಹತ್ತಿಕೊಳ್ಳುತ್ತದೆ. ಇಲ್ಲಿ ಬರೆದರೆ ಸುಡುವುದು ಹಾಳೆ ಮಾತ್ರ.

ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಐದು ವರ್ಷದ ಹಿಂದೆ, ಹದಿನಾರರ ವಯಸ್ಸಿನಲ್ಲಿ, ಅಣ್ಣ ಇಬ್ಬರು ಪುಂಡರ ಜೊತೆ ಸೇರಿ ಒಂದು ಗೋದಾಮಿಗೆ ತಾಮ್ರದ ತಂತಿ ಕದಿಯಲು ಹೋದ. ಕಾವಲುಗಾರ ಅಡ್ಡ ಬಂದನಂತೆ. ಅಣ್ಣನ ಕೈಯಲ್ಲಿ ಕಬ್ಬಿಣದ ಸರಳು ಇತ್ತಂತೆ. ಕಾವಲುಗಾರನ ತಲೆಗೆ ಒಂದೇಟು ಬಿತ್ತಂತೆ. ನಮ್ಮ ಮನೆಯಲ್ಲಿ ಅದನ್ನು ಹೇಳುವುದೇ ಹೀಗೆ. ಬಿತ್ತು. ಮರದಿಂದ ಕಾಯಿ ಬಿದ್ದ ಹಾಗೆ. ಆ ಮನುಷ್ಯ ಬದುಕಿದ, ಆದರೆ ಎಡಗೈ ಎಡಗಾಲು ಹೋದವು.

ಅಣ್ಣನನ್ನು ಹುಡುಗರ ಜೈಲಿಗೆ ಹಾಕಿದರು. ಬೋರ್ಡಿನಲ್ಲಿ ಬೇರೆ ಹೆಸರು ಬರೆದಿದ್ದಾರೆ, ಬೀಗ ಮಾತ್ರ ಜೈಲಿನದೇ. ಅಲ್ಲಿ ಮೂರು ವರ್ಷ ಇದ್ದ. ಹೊತ್ತಿಗೆ ಸರಿಯಾಗಿ ಊಟ, ಪರೀಕ್ಷೆ ಬರೆಸಲು ಮೇಷ್ಟ್ರು, ಸಂಜೆ ಓಡಿಸಲು ಒಬ್ಬ ಕೋಚ್. ಹೊರಗೆ ಬಂದವನಿಗೆ ಆಟದ ಕೋಟಾದಲ್ಲಿ ಕಾಲೇಜು ಸೀಟು, ಶೂ, ಬ್ಯಾಗು, ದಿನಕ್ಕೆ ಎರಡು ಮೊಟ್ಟೆ.

ನನಗೆ? ಅಪ್ಪ ಮೊದಲೇ ತೀರಿಕೊಂಡಿದ್ದ. ಅಮ್ಮ ಕೋರ್ಟು ಅಂತ, ಜೈಲು ಅಂತ ಅಲೆಯುವಾಗ ಲಾಂಡ್ರಿಯಲ್ಲಿ ಅವಳ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ಆಗ ನಾನು ಒಂಬತ್ತನೇ ಕ್ಲಾಸು. ಸ್ವಲ್ಪ ದಿನ ಅಂದಿದ್ದಳು ಅಮ್ಮ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಕದಿಯದೆ, ಯಾರ ತಲೆಯನ್ನೂ ಒಡೆಯದೆ ಇದ್ದದ್ದಕ್ಕೆ ನನಗೆ ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆ.

ಇನ್ನೊಂದು. ಚಿಕ್ಕವರಿದ್ದಾಗ ಬೀದಿಯಲ್ಲಿ ಓಡಿದರೆ ಅವನು ಯಾವಾಗಲೂ ನೋಡುತ್ತಿದ್ದದ್ದು ನನ್ನ ಬೆನ್ನನ್ನು.

ಫೆಬ್ರವರಿ ೮, ಗುರುವಾರ

ಕಾಲೇಜಿನ ಆಟದ ಬಟ್ಟೆಯೆಲ್ಲ ನಮ್ಮ ಲಾಂಡ್ರಿಗೇ ಬರುತ್ತದೆ. ಬೆವರು, ಮಣ್ಣು, ಹುಲ್ಲಿನ ಕಲೆ. ಅಣ್ಣನ ಬನಿಯನ್ನಿನ ನಂಬರ್ ಏಳು. ನಾನೇ ಉಜ್ಜಬೇಕು, ನಾನೇ ಇಸ್ತ್ರಿ ಹಾಕಬೇಕು. ಏಳರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಸ್ವಲ್ಪ ಹೊತ್ತು ಮರೆತುಬಿಡೋಣ ಅನ್ನಿಸಿತು.

"ಏ ಕೆಂಡ, ಬಟ್ಟೆ ಸುಡ್ತೀಯ" ಅಂದರು ಯಜಮಾನಿ. ನನಗೆ ಅವರಿಟ್ಟ ಹೆಸರು ಕೆಂಡ. ನಿಜವಾದ ಹೆಸರು ಅವರಿಗೆ ಮರೆತೇ ಹೋಗಿದೆ ಅಂತ ನನಗೆ ಗುಮಾನಿ.

ಸಂಜೆ ಮನೆಯಲ್ಲಿ ಅಣ್ಣ ತನ್ನ ಮೊಟ್ಟೆ ನನ್ನ ತಟ್ಟೆಗೆ ಹಾಕಿದ. ವಾಪಸ್ ಹಾಕಿದೆ. ಮತ್ತೆ ಹಾಕಿದ. ಜೈಲಿನಿಂದ ಬಂದಾಗಿನಿಂದ ಹೀಗೇ. ಏನು ಕೇಳಿದರೂ ತಗೋ. ಬೈದರೆ ಸುಮ್ಮನೆ. ತಟ್ಟೆ ಅವನೇ ತೊಳೆಯುತ್ತಾನೆ, ನನ್ನದನ್ನೂ ತೊಳೆಯುತ್ತಾನೆ. ಮನೆಗೆ ಬಂದ ನೆಂಟನ ಹಾಗೆ. ಮುಂಚೆ ಒಂದು ಪೆನ್ಸಿಲ್ ಮುಟ್ಟಿದರೆ ಜುಟ್ಟು ಹಿಡಿಯುತ್ತಿದ್ದ.

ಮೊಟ್ಟೆ ತಿಂದೆ. ಕೋಪಕ್ಕೂ ಹಸಿವಾಗುತ್ತದೆ.

ಫೆಬ್ರವರಿ ೯, ಶುಕ್ರವಾರ

ಹೇಳಿಬಿಟ್ಟೆ.

ಬಟ್ಟೆ ತೆಗೆದುಕೊಂಡು ಹೋಗಲು ರಿಲೇ ತಂಡದ ಕನ್ನಡಕ ಬಂದಿದ್ದ. ಎಲ್ಲರೂ ಅವನನ್ನು ಕರೆಯುವುದೇ ಕನ್ನಡಕ ಅಂತ. ಓಡುವಾಗಲೂ ದಾರ ಕಟ್ಟಿಕೊಂಡು ಹಾಕಿಕೊಳ್ಳುತ್ತಾನೆ. ಕೊನೆಯ ಸುತ್ತು ಅವನದು. ಅಣ್ಣ ಓಡಿ ಬಂದು ರಿಲೇ ಕೋಲು ಕೊಡುವುದು ಅವನ ಕೈಗೇ.

"ನಿಮ್ಮಣ್ಣ ಬಂಗಾರ ಕಣ್ರೀ. ಇಂಥ ಅಣ್ಣ ಇಟ್ಕೊಂಡು ನೀವ್ಯಾಕೆ ಇಲ್ಲಿ ಇಸ್ತ್ರಿ ಹಾಕ್ತಿದೀರಾ? ಅವನ ತರ ಕಷ್ಟಪಟ್ಟು ಮುಂದೆ ಬರಬಾರ್ದಾ?"

ಕಷ್ಟಪಟ್ಟು. ಆ ಮಾತು ಅವನ ಬಾಯಿಂದ ಬಂದದ್ದೇ ತಡ, ನನ್ನ ನಾಲಿಗೆ ನನ್ನ ಕೈಯಲ್ಲಿರಲಿಲ್ಲ.

"ಬಂಗಾರ ಎಲ್ಲಿ ಕಾಯಿಸಿದ್ರು ಗೊತ್ತಾ? ಹುಡುಗರ ಜೈಲಲ್ಲಿ. ಒಬ್ಬ ಕಾವಲುಗಾರನ ತಲೆಗೆ ಸರಳಲ್ಲಿ ಒಂದೇಟು ಹಾಕಿದ್ದಕ್ಕೆ. ನಾನೂ ಯಾರಿಗಾದ್ರೂ ಹಾಕಿದ್ರೆ ಮುಂದೆ ಬರ್ತಿದ್ನೇನೋ."

ಅವನು ನಗುತ್ತಲೇ ಇದ್ದ, ಆಮೇಲೆ ನಗು ನಿಂತಿತು. ಬಟ್ಟೆಯ ಗಂಟು ಎತ್ತಿಕೊಂಡು ಹೋದ.

ಖುಷಿಯಾಯಿತು. ಬರೆಯುವಾಗಲೂ ಖುಷಿಯಾಗಿದೆ. ಊಟ ಮಾತ್ರ ಸೇರಲಿಲ್ಲ.

ಫೆಬ್ರವರಿ ೧೨, ಸೋಮವಾರ

ಕಾಲೇಜಿಗೆಲ್ಲ ಗೊತ್ತಾಗಿದೆ. ಕೋಚಿಗೆ ಮೊದಲೇ ಗೊತ್ತಿತ್ತಂತೆ, ಅದು ಇನ್ನೊಂದು ರಂಪ. ಕನ್ನಡಕ ಎಲ್ಲರ ಎದುರು, "ಆ ಕೈಯಿಂದ ನಾನು ಕೋಲು ತಗೊಳಲ್ಲ" ಅಂದನಂತೆ. ಪ್ರಿನ್ಸಿಪಾಲ್ ಸಭೆ ಕರೆದಿದ್ದಾರೆ. ಇಪ್ಪತ್ಮೂರನೇ ತಾರೀಕು ಶುಕ್ರವಾರ. ಅಣ್ಣನಿಗೆ ಎರಡನೇ ಅವಕಾಶ ಕೊಡಬೇಕೋ ಬೇಡವೋ ಅಂತ ಅಲ್ಲಿ ತೀರ್ಮಾನ. ಬೇಡ ಅಂದರೆ ತಂಡವೂ ಇಲ್ಲ, ಸೀಟೂ ಇಲ್ಲ.

ಅಮ್ಮ ಒಲೆಯ ಮುಂದೆ ಕೂತು ಅಳುತ್ತಾ ಬೈದಳು. "ಯಾವ ಹಾಳಾದವರು ಹೇಳಿದ್ರೋ, ಅವರ ನಾಲಿಗೆ ಬಿದ್ದುಹೋಗ."

ನಾನು ನೀರು ಕುಡಿದೆ. ನಾಲಿಗೆ ಇತ್ತು.

ಹೊಟ್ಟೆ ಉರಿಯುವುದು ಅದಕ್ಕಲ್ಲ. ಅವನಿಗೆ ಎರಡನೆಯದು ಕೊಡಬೇಕೋ ಬೇಡವೋ ಅಂತ ದೊಡ್ಡ ದೊಡ್ಡವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಟೀ ತರಿಸುತ್ತಾರೆ. ನನಗೆ ಮೊದಲನೆಯದೇ ಸಿಗಲಿಲ್ಲ ಅಂತ ಒಬ್ಬರಾದರೂ ಒಂದು ಬೆಂಚು ಹಾಕಿದರಾ?

ಫೆಬ್ರವರಿ ೧೪, ಬುಧವಾರ

ಅಣ್ಣ ಕೊಡದಲ್ಲಿ ನೀರು ತುಂಬಿಸುತ್ತಿದ್ದ. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಅಮ್ಮ ಅಂಗಡಿಗೆ ಹೋಗಿದ್ದಳು.

"ಕನ್ನಡಕ ಹೇಳ್ದ" ಅಂದ, ನನ್ನ ಕಡೆ ತಿರುಗದೆ. "ನೀನು ಹೇಳಿದ್ದು ಅಂತ."

ಸರಿ, ಈಗ ಜುಟ್ಟು ಹಿಡಿಯುತ್ತಾನೆ ಅಂತ ಎದ್ದು ನಿಂತೆ. ನಾಲ್ಕು ಮಾತು ರೆಡಿ ಇಟ್ಟುಕೊಂಡಿದ್ದೆ.

"ಒಂದು ತಪ್ಪು ಹೇಳಿದೀಯ. ಒಂದೇಟು ಅಂದ್ಯಂತೆ. ಒಂದಲ್ಲ."

"ಮತ್ತೆ?"

"ಮೂರು. ಮೂರನೇದು ಅವರು ಬಿದ್ದ ಮೇಲೆ."

ಕೊಡ ತುಂಬಿ ಚೆಲ್ಲುತ್ತಿತ್ತು. ಅವನಿಗೆ ಗಮನವಿಲ್ಲ.

"ಕೈ ತಪ್ಪಿ ಬಿತ್ತು ಅಂತಾಳಲ್ಲ ಅಮ್ಮ?"

"ಅಮ್ಮನಿಗೆ ಹಾಗೆ ಹೇಳ್ಕೊಂಡ್ರೆ ನಿದ್ದೆ ಬರುತ್ತೆ. ಹೇಳ್ಕೊಳ್ಳಿ. ನೀನು ಹೇಳೋದಾದ್ರೆ ಸರಿಯಾಗಿ ಹೇಳು."

ನಲ್ಲಿ ನಿಲ್ಲಿಸಿ ಒಳಗೆ ಹೋದ. ನನ್ನ ನಾಲ್ಕು ಮಾತು ಬಾಯಲ್ಲೇ ಹಳಸಿದವು. ಮೂರು ಏಟು ಹಾಕಿದವನ ಕೈಯಿಂದ ಮೊಟ್ಟೆ ತಿಂದೆನಲ್ಲ. ಅವನನ್ನು ಹೊರಗೆ ಹಾಕಲಿ. ಹಾಕಲೇಬೇಕು. ಬಿದ್ದವನ ಮೇಲೆ ಯಾರಾದರೂ ಹೊಡೆಯುತ್ತಾರಾ?

ಫೆಬ್ರವರಿ ೧೫, ಗುರುವಾರ

ಮೂರನೇದು ಬಿದ್ದ ಮೇಲೆ.

ಇವತ್ತು ಏನೂ ಬರೆಯುವುದಿಲ್ಲ.

ಫೆಬ್ರವರಿ ೧೭, ಶನಿವಾರ

ಕಾಲೇಜಿನಿಂದ ಹೇಳಿಕಳಿಸಿದ್ದಾರೆ. ಏಟು ತಿಂದವರು ಏನನ್ನುತ್ತಾರೆ ಅಂತ ಸಭೆಗೆ ತಿಳಿಯಬೇಕಂತೆ. ಆ ಮನುಷ್ಯ ಮೆಟ್ಟಿಲಿಳಿದು ಬರುವ ಹಾಗಿಲ್ಲ, ಯಾರಾದರೂ ಹೋಗಿ ಕೇಳಿಕೊಂಡು ಬರಬೇಕು. ಅಮ್ಮ ಹೊರಟು ನಿಂತಳು. ಅಣ್ಣ ಬಾಗಿಲಿಗೆ ಅಡ್ಡ ನಿಂತ.

"ಹೋಗ್ಬೇಡಮ್ಮ. ನೀನು ಅತ್ತು ಕರೆದು ಅವರ ಬಾಯಿಂದ ಕ್ಷಮಿಸಿದೆ ಅಂತ ಅನ್ನಿಸ್ತೀಯ. ನನಗೆ ಹಗುರ ಆಗುತ್ತೆ. ಅವರಿಗೇನು ಸಿಗುತ್ತೆ?"

"ಸೀಟು ಹೋದ್ರೆ ಏನು ಮಾಡ್ತೀಯೋ?"

"ಗೊತ್ತಿಲ್ಲ."

ಅವರಿಬ್ಬರೂ ಕಿತ್ತಾಡುವಾಗ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮನಸ್ಸಿನಲ್ಲಿ ಇದ್ದದ್ದು ಒಂದೇ. ಆ ಮನುಷ್ಯ ಬೇಡ ಅನ್ನಲಿ. ಅನ್ನದಿದ್ದರೆ ಅನ್ನಿಸೋಣ.

ಹಳೆ ಮೂರಂತಸ್ತಿನ ಕಟ್ಟಡ. ಮನೆ ಎರಡನೇ ಮಹಡಿಯಲ್ಲಿ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿ ಉದ್ದಕ್ಕೂ ಕೊಳೆಯ ಪಟ್ಟೆ, ದಿನಾ ಯಾರೋ ಅಂಗೈ ಒರೆಸಿಕೊಂಡು ಇಳಿದ ಹಾಗೆ. ಬಾಗಿಲು ತೆರೆದೇ ಇತ್ತು. ಒಬ್ಬ ಮುದುಕ ಕುರ್ಚಿಯಲ್ಲಿ ಕೂತು ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

"ಯಾರಮ್ಮ?"

"ಲಾಂಡ್ರಿಯಿಂದ."

"ನಾನು ಬಟ್ಟೆ ಕೊಟ್ಟಿಲ್ಲ."

"ಗೊತ್ತು. ನಾನು ಆ ಹುಡುಗನ ತಂಗಿ."

ಯಾವ ಹುಡುಗ ಅಂತ ಕೇಳಲಿಲ್ಲ. ಗುಂಡಿ ಹಾಕಿ ಮುಗಿಸಿ, "ಕ್ಷಮೆ ಕೇಳೋಕೆ ಬಂದ್ಯಾ?" ಅಂದ.

"ಇಲ್ಲ. ಅವನಿಗೆ ಅವಕಾಶ ಬೇಡ ಅಂತ ನೀವು ಹೇಳ್ಬೇಕು. ಅದಕ್ಕೆ ಬಂದೆ."

ಅವನ ಮುಖದ ಒಂದು ಕಡೆ ಮಾತ್ರ ನಕ್ಕಿತು. "ನನಗಿಂತ ನಿನಗೇ ಅವನ ಮೇಲೆ ಸಿಟ್ಟು ಜಾಸ್ತಿ ಇದ್ದಂಗಿದೆ. ಕೂತ್ಕೋ."

ಕೂತೆ. ಅವನೇ ಶುರು ಮಾಡಿದ.

"ಗೇಟಿನ ಹತ್ರ ಟೀ ಕುಡೀತಾ ನಿಂತಿದ್ದೆ. ಹಿಂದಿನಿಂದ ಯಾರೋ ಓಡಿ ಬರೋ ಸದ್ದು ಕೇಳ್ತು. ಮಕ್ಕಳು ಆಡ್ತಿರಬೇಕು ಅಂದ್ಕೊಂಡೆ. ತಿರುಗಿ ನೋಡ್ಲಿಲ್ಲ. ಅದೊಂದೇ ನೋಡು ಈಗ್ಲೂ ಕೊರೆಯೋದು. ತಿರುಗಿದ್ರೆ ಏನಾಗ್ತಿತ್ತೋ. ಈಗ ಪಕ್ಕದ ಮನೆ ಮಗು ಓಡಿ ಬಂದ್ರೂ ಮೈ ಜುಮ್ಮನ್ನುತ್ತೆ."

ಅಡ್ಡ ಬಂದ ಅಂತ ಅಮ್ಮ ಹೇಳುತ್ತಿದ್ದದ್ದೂ ಸುಳ್ಳು. ಅವನು ಬೆನ್ನು ಹಾಕಿ ಟೀ ಕುಡಿಯುತ್ತಿದ್ದ.

"ಈಗ ಅವನು ಓಡ್ತಾನಂತಲ್ಲ" ಅಂದ ಮುದುಕ. "ಚೆನ್ನಾಗಿ ಓಡ್ತಾನಾ?"

"ಚೆನ್ನಾಗೇ ಓಡ್ತಾನೆ."

"ಹೂಂ." ಬಲಗೈಯಲ್ಲಿ ಎಡಗಾಲನ್ನು ಸರಿಸಿ ಇಟ್ಟುಕೊಂಡ. "ಹೊಟ್ಟೆ ಉರಿಯುತ್ತೆ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ. ಅವನು ಓಡಲಿ, ನಾನು ನಡೆಯಲಿ ಅಂತಾದ್ರೂ ಇದ್ದಿದ್ರೆ ಒಂದು ತರ. ವಕೀಲರು ಬಂದ್ರು, ಜೈಲಿನವರು ಬಂದ್ರು, ಈಗ ನೀನು. ಎಲ್ಲರೂ ಕೇಳೋದು ಅವನ ಬಗ್ಗೆ. ನಿಮಗೇನು ಬೇಕು ಅಂತ ಯಾರೂ ಕೇಳಲ್ಲ."

ನನ್ನ ಮಾತನ್ನೇ ಕದ್ದು ನನಗೇ ಹೇಳಿದ ಹಾಗಾಯಿತು. "ನಿಮಗೇನು ಬೇಕು?" ಅಂದೆ.

"ಕೆಳಗಿಳಿದು ಬೀದಿ ಕೊನೇವರೆಗೂ ಹೋಗಿ ಬರಬೇಕು. ಮಗಳು ಕೆಲಸಕ್ಕೆ ಹೋಗ್ತಾಳೆ, ಹಿಡ್ಕೊಳೋಕೆ ಜನ ಇಲ್ಲ." ಆಮೇಲೆ ನನ್ನನ್ನು ನೋಡಿ, "ನೀನೇನು ಓದ್ತಿದೀಯ?" ಅಂದ.

"ಬಿಟ್ಟೆ. ಒಂಬತ್ತಕ್ಕೇ."

"ಯಾಕೆ?"

ಯಾರೂ ಕೇಳಿರಲಿಲ್ಲ ಅನ್ನುವುದು ಅವನು ಕೇಳಿದ ಮೇಲೇ ಗೊತ್ತಾದದ್ದು. ಏನೋ ಹೇಳಿದೆ. ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ. ಟೀ ಕೊಟ್ಟ, ಲೋಟದ ತುಂಬ ಸಕ್ಕರೆ.

ಹೊರಡುವಾಗ ಕೇಳಿದೆ, "ಸಭೇಲಿ ಏನು ಹೇಳ್ಲಿ?"

"ಓಡಲಿ ಅನ್ನು. ಕೂರಿಸಿದ್ರೆ ನನ್ನ ಕಾಲೇನು ವಾಪಸ್ ಬರಲ್ಲ. ಆದ್ರೆ ನಾನು ಕ್ಷಮಿಸಿಲ್ಲ ಅಂತಾನೂ ಅನ್ನು. ಎರಡೂ ಹೇಳ್ಬೇಕು. ಒಂದೇ ಹೇಳಿದ್ರೆ ನಾನು ಹೇಳಿದ್ದಲ್ಲ ಅಂತೀನಿ."

ಅನ್ನಿಸಲು ಹೋದ ಮಾತು ಅನ್ನಿಸಲಾಗಲಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಫೆಬ್ರವರಿ ೧೮, ಭಾನುವಾರ

ಅಮ್ಮ ಊಟದ ಡಬ್ಬಿ ಕೊಟ್ಟು ಮೈದಾನಕ್ಕೆ ಅಟ್ಟಿದಳು. ಅಲ್ಲಿ ನಮ್ಮ ಮಹಾಶಯ ಒಬ್ಬನೇ ಓಡಿ ಬಂದು ಗೋಲ್ ಕಂಬಕ್ಕೆ ಕೋಲು ಕೊಡುತ್ತಿದ್ದ. ಮತ್ತೆ ಹಿಂದೆ ಹೋಗುವುದು, ಓಡಿ ಬರುವುದು, "ಹಿಡಿ!" ಅನ್ನುವುದು, ಕಂಬಕ್ಕೆ ಕೋಲು ಒತ್ತುವುದು.

"ಕಂಬ ಹಿಡ್ಕೊಳ್ತಾ?" ಅಂದೆ.

"ಕನ್ನಡಕಕ್ಕಿಂತ ವಾಸಿ. ಕೊಟ್ಟಾಗ ಬೇಡ ಅನ್ನಲ್ಲ."

ನಗು ಬಂತು. ನುಂಗಿದೆ. ಡಬ್ಬಿ ಇಟ್ಟು ಹೋಗಬೇಕಿತ್ತು. ಅದರ ಬದಲು, "ಕೊಡು, ನಾನು ನಿಲ್ತೀನಿ, ನೋಡೋಕೆ ಆಗ್ತಿಲ್ಲ" ಅಂದೆ.

ಅವನು ನನಗೆ ನಿಯಮ ಹೇಳಿದ. ನೆಲದ ಮೇಲೆ ಸುಣ್ಣದ ಗೆರೆ. ಅವನು ಆ ಗೆರೆ ದಾಟುವವರೆಗೆ ಹಿಂದೆ ನೋಡಬಹುದು. ದಾಟಿದ ಕ್ಷಣ ನಾನು ಮುಂದೆ ತಿರುಗಿ ಓಡಬೇಕು. ಅಲ್ಲಿಂದ ಆಚೆ ಹಿಂತಿರುಗಿ ನೋಡುವ ಹಾಗಿಲ್ಲ. "ಹಿಡಿ" ಅಂದಾಗ ಕೈ ಹಿಂದೆ ಚಾಚಬೇಕು, ಕೋಲು ತಾನಾಗಿ ಬರುತ್ತದೆ. ತಿರುಗಿದರೆ ವೇಗ ಸತ್ತುಹೋಗುತ್ತದೆ.

ಗೆರೆ ದಾಟಿದ. ಓಡಿದೆ. ಚಪ್ಪಲಿ ಬಿಟ್ಟಿದ್ದೆ, ಮಣ್ಣು ಕಾದಿತ್ತು. ಎಷ್ಟು ವರ್ಷವಾಗಿತ್ತು ಹಾಗೆ ಓಡಿ. ಆಗ ಹಿಂದಿನಿಂದ ಅವನ ಹೆಜ್ಜೆ ಕೇಳಿತು. ಜೋರಾಯಿತು. ಹತ್ತಿರವಾಯಿತು. ಅವನ ಉಸಿರು ಕೇಳಿತು. ತಿರುಗಿ ನಿಂತೇಬಿಟ್ಟೆ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು.

ಅವನು ನನಗೆ ಡಿಕ್ಕಿ ಹೊಡೆಯುವುದರಲ್ಲಿದ್ದ.

"ಯಾಕೇ? ನೋಡ್ಬೇಡ ಅಂದ್ನಲ್ಲ!"

"ಅವರು ನೋಡ್ಲಿಲ್ಲ" ಅಂದೆ. "ಹಿಂದೆ ಓಡಿ ಬರೋ ಸದ್ದು ಕೇಳ್ತಂತೆ. ಮಕ್ಕಳಿರಬೇಕು ಅಂದ್ಕೊಂಡ್ರಂತೆ. ತಿರುಗಿ ನೋಡ್ಲಿಲ್ಲ ಅಂತ ಇವತ್ತಿಗೂ ಕೊರಗ್ತಾರೆ."

ಅಣ್ಣ ನಿಂತಲ್ಲೇ ಕೂತ. ಕೋಲು ನೆಲಕ್ಕೆ ಬಿತ್ತು. ಅವನು ಅದರ ಕಡೆ ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. ನಾನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಗೊತ್ತಿಲ್ಲ, ಬಿಸಿಲೂ ಜೋರಿತ್ತು.

"ನನ್ನನ್ನ ಮಗು ಅಂದ್ಕೊಂಡ್ರಾ?" ಅಂದ.

"ಹಂಗಂದ್ರು."

ಅವನು ಡಬ್ಬಿ ಮುಟ್ಟಲಿಲ್ಲ. ಕೊನೆಗೆ ನಾನೇ ಕೋಲು ಎತ್ತಿ ಅವನ ಮಡಿಲಿಗೆ ಎಸೆದೆ. "ಏಳು. ಇನ್ನೊಂದು ಸಲ. ಈ ಸಲ ನೋಡಲ್ಲ."

ಮತ್ತೂ ನೋಡಿದೆ. ನಾಲ್ಕನೆಯದೋ ಐದನೆಯದೋ ಸಲಕ್ಕೆ ನೋಡಲಿಲ್ಲ. ಕೋಲು ಅಂಗೈಗೆ ಬಂದು ಬಡಿಯಿತು, ಉರಿಯುತ್ತಿದೆ ಇನ್ನೂ. ಪೆನ್ನು ಹಿಡಿಯಲೂ ಆಗುತ್ತಿಲ್ಲ.

ಅವನ ಮೇಲಿನ ಕನಿಕರಕ್ಕೆ ಅಲ್ಲ. ಓಡಬೇಕು ಅನ್ನಿಸಿತು, ಓಡಿದೆ.

ಫೆಬ್ರವರಿ ೨೧, ಬುಧವಾರ

ಮಧ್ಯಾಹ್ನ ಮುದುಕನ ಮನೆ ಕಡೆ ಹೋಗಿದ್ದೆ. ಬಟ್ಟೆ ಏನಾದರೂ ಇದೆಯಾ ಅಂತ ಕೇಳಲು, ಅಷ್ಟೆ. ಅಷ್ಟು ದೂರ ಹೋದ ಮೇಲೆ ಸುಮ್ಮನೆ ಬರುವುದೇಕೆ ಅಂತ ಮೆಟ್ಟಿಲಿಳಿಸಿ ಬೀದಿಯ ಅರ್ಧದವರೆಗೆ ಕರೆದುಕೊಂಡು ಹೋದೆ. ಭಾರ ಇದ್ದಾನೆ ಮನುಷ್ಯ.

"ಅಣ್ಣನ ಪರವಾಗಿ ಬಂದಿದ್ರೆ ಇಲ್ಲೇ ಬಿಟ್ಟುಹೋಗು" ಅಂದ.

"ಅವನ ಪರವಾಗಿ ಬರೋಕೆ ನನಗೇನು ಹುಚ್ಚಾ? ಕೈ ಸರಿಯಾಗಿ ಹಿಡ್ಕೊಳ್ಳಿ, ಬಿದ್ರೆ ಅದಕ್ಕೂ ನಮ್ಮನೆಯವರೇ ಕಾರಣ ಅಂತಾರೆ."

ಅರ್ಧ ಮುಖ ನಕ್ಕಿತು.

ಫೆಬ್ರವರಿ ೨೩, ಶುಕ್ರವಾರ

ಸಭೆ.

ಉದ್ದನೆಯ ಮೇಜು, ಆಚೆ ಬದಿ ಐದು ಜನ. ಅಣ್ಣ ಈಚೆ ಒಬ್ಬನೇ. ಗೋಡೆ ಪಕ್ಕ ನಾನು, ಅಮ್ಮ, ಕೋಚ್, ತಂಡದ ಹುಡುಗರು. ಟೀ ಬಂತು. ನಾನು ಹೇಳಿರಲಿಲ್ಲವಾ?

ಒಬ್ಬ ಮೇಡಂ ಅಂದರು, "ಮಗು ಮಾಡಿದ ತಪ್ಪಿಗೆ ಜೀವನಪೂರ್ತಿ ಶಿಕ್ಷೆ ಅಂದ್ರೆ ಶಿಕ್ಷಣ ಸಂಸ್ಥೆ ಯಾಕೆ ಬೇಕು?" ಬೋಳುತಲೆಯವರು ಅಂದರು, "ತಂಡಕ್ಕೆ ಸೇರೋದು ಹಕ್ಕಲ್ಲ ಮೇಡಂ, ಗೌರವ. ನಮ್ಮ ಬನಿಯನ್ ಹಾಕ್ಕೊಂಡು ಪದಕ ತಗೊಂಡ್ರೆ ಆ ಮುದುಕರಿಗೆ ಏನನ್ನಿಸುತ್ತೆ?" ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಕನ್ನಡಕನನ್ನು ಕೇಳಿದರು. ಎದ್ದು ನಿಂತು ಕನ್ನಡಕ ಒರೆಸಿದ. "ಅವನು ಕಾಲೇಜಲ್ಲಿ ಇರ್ಲಿ ಸರ್. ಆದ್ರೆ ನನ್ನ ಬೆನ್ನು ಅವನಿಗೆ ಕೊಟ್ಟು ನಿಲ್ಲೋಕೆ ನನಗೆ ಆಗಲ್ಲ. ಪ್ರಯತ್ನಪಟ್ಟೆ. ಆಗಲ್ಲ." ಅವನನ್ನು ಹೇಡಿ ಅಂತ ಬೈಯಬಹುದಿತ್ತು. ಬೈಯಲು ನನಗೆ ಬಾಯಿ ಬರಲಿಲ್ಲ.

ಅಣ್ಣನಿಗೆ ಏನಾದರೂ ಹೇಳುವುದಿದೆಯಾ ಅಂದರು. "ಮೂರು ಏಟು ಹಾಕಿದೆ. ಹಿಂದಿನಿಂದ. ಒಂದು ಅಂತ ನಿಮಗೆ ಯಾರೋ ಹೇಳಿರಬಹುದು, ಅದು ತಪ್ಪು" ಅಂದ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಕೊನೆಗೆ ನನ್ನನ್ನು ಕರೆದರು. "ಆ ಹಿರಿಯರ ಅಭಿಪ್ರಾಯ ಏನಮ್ಮ? ಆಕ್ಷೇಪ ಇದೆಯೋ, ಇಲ್ಲವೋ?"

"ಓಡಲಿ ಅಂದ್ರು. ಕ್ಷಮಿಸಿಲ್ಲ ಅಂದ್ರು."

"ಹಾಗಾದ್ರೆ ಆಕ್ಷೇಪ ಇಲ್ಲ ಅಂತ ಬರ್ಕೊಳ್ಳೋಣ್ವಾ?"

"ಬೇಡ ಸರ್. ಎರಡೂ ಬರ್ಕೊಳ್ಳಿ."

"ಒಂದು ಮಾತು ಹೇಳಮ್ಮ."

"ಅವರು ಹೇಳಿದ್ದೇ ಎರಡು ಸರ್. ಒಂದನ್ನ ನುಂಗಿದ್ರೆ ಅದು ಅವರ ಮಾತಲ್ಲ, ನಿಮ್ಮದು." ಅಲ್ಲಿಗೆ ನಿಲ್ಲಿಸಬೇಕಿತ್ತು. ನನಗೆ ನಿಲ್ಲಿಸಲು ಎಲ್ಲಿ ಬರುತ್ತದೆ? "ಇನ್ನೊಂದು. ಇಷ್ಟು ಹೊತ್ತು ಎಲ್ಲರೂ ಇವನ ಬಗ್ಗೆ ಮಾತಾಡಿದ್ರಿ. ಅವರ ಮನೆ ಎರಡನೇ ಮಹಡಿ. ಮೆಟ್ಟಿಲಿಗೆ ಹಿಡ್ಕೊಳೋ ಕಂಬಿ ಇಲ್ಲ. ಒಬ್ಬರಾದ್ರೂ ಹೋಗಿ ನೋಡಿದೀರಾ?"

ಬೋಳುತಲೆಯವರು ಟೀ ಕೆಳಗಿಟ್ಟರು.

ತೀರ್ಮಾನ ಹೀಗೆ. ಸೀಟು ಉಳಿಯಿತು. ಈ ವರ್ಷ ಯಾವ ಪಂದ್ಯದಲ್ಲೂ ಓಡುವ ಹಾಗಿಲ್ಲ. ಮುಂದಿನ ವರ್ಷ ಒಬ್ಬನೇ ಓಡುವ ಓಟಗಳಿಗೆ ಸೇರಬಹುದು. ರಿಲೇ ಮಾತ್ರ ತಂಡದವರ ಇಷ್ಟ.

ದಾರಿಯಲ್ಲಿ ಅಮ್ಮ, "ಕ್ಷಮಿಸಿದ್ದಾರೆ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು.

ಅಣ್ಣ ಅಂದ, "ಸುಮ್ನಿರಮ್ಮ. ಇವತ್ತು ಸರಿಯಾಗಿ ಹೇಳಿದಾಳೆ."

ಅವನ ಶಹಬ್ಬಾಸ್‌ಗಿರಿ ಯಾರಿಗೆ ಬೇಕಿತ್ತು.

ಮಾರ್ಚ್ ೩, ಭಾನುವಾರ

ಮೈದಾನ. ಈಗ ಇವನು ಯಾರಿಗೂ ಕೋಲು ಕೊಡಬೇಕಿಲ್ಲ, ಆದರೂ ಕೊಡುತ್ತೇವೆ. ನಾನೂ ಇವನಿಗೆ ಕೊಡುತ್ತೇನೆ. ಕೋಚ್ ಬಂದು ನೋಡುತ್ತಾ ನಿಂತರು.

"ಇವಳು ಯಾವ ಕಾಲೇಜು?"

"ಇಸ್ತ್ರಿ ಕಾಲೇಜು" ಅಂದೆ.

ಅವರು ನಗಲಿಲ್ಲ. ಹದಿನೇಳಕ್ಕೆ ಊರಿನ ಪಂದ್ಯ ಇದೆ, ಹುಡುಗಿಯರ ನಾನೂರು ಮೀಟರಿಗೆ ಯಾರು ಬೇಕಾದರೂ ಬರಬಹುದು, ಓದು ಕೇಳುವುದಿಲ್ಲ ಅಂದರು. ನನಗೆ ಕೆಲಸ ಇದೆ ಅಂದೆ. ಯಜಮಾನಿಗೆ ಹೇಳಿದಾಗ, "ಹೋಗೇ ಕೆಂಡ, ಒಂದು ದಿನ ನಮ್ಮ ಬಟ್ಟೆನೂ ಉಸಿರಾಡಲಿ" ಅಂದರು.

ಮಾರ್ಚ್ ೧೦

ಮುದುಕನಿಗೆ ಹೇಳಿದೆ. "ತಿರುಗಿ ನೋಡ್ಬೇಡ" ಅಂದ. "ಇದು ರಿಲೇ ಅಲ್ಲ ತಾತ, ಹಿಂದೆ ಯಾರು ಇದ್ರೆ ನನಗೇನು" ಅಂದೆ. ಬೀದಿಯ ಕೊನೆ ಮುಟ್ಟಿದೆವು ಇವತ್ತು. ವಾಪಸ್ ಬರುವಷ್ಟರಲ್ಲಿ ನನ್ನ ಹೆಗಲು ಕಳಚಿತು.

ಮಾರ್ಚ್ ೧೭, ಭಾನುವಾರ

ನಾಲ್ಕನೆಯವಳಾಗಿ ಬಂದೆ. ಪದಕ ಮೂವರಿಗೆ. ಮೂರನೆಯವಳ ಭುಜ ನನ್ನ ಮೂಗಿನ ಮುಂದಿತ್ತು. ಅವಳ ಕಾಲಲ್ಲಿ ಮೊಳೆ ಇರುವ ಶೂ. ನಾನು ಬರಿಗಾಲು. ಅವಳನ್ನು ಇನ್ನೂ ಬೈಯುತ್ತಿದ್ದೇನೆ.

ಅಣ್ಣ ಗೆರೆಯಾಚೆ ನನ್ನ ಚಪ್ಪಲಿ, ಸ್ವೆಟರ್ ಹಿಡಿದುಕೊಂಡು ನಿಂತಿದ್ದ. ಅವನ ಕಣ್ಣ ಮುಂದೆಯೇ ಕನ್ನಡಕನ ತಂಡ ಬೇರೆ ಹುಡುಗನನ್ನು ಹಾಕಿಕೊಂಡು ಓಡಿ ಮುಗಿಸಿತ್ತು. ನಾನು ಏದುಸಿರು ಬಿಡುತ್ತಾ ಅವನ ಹತ್ತಿರ ಹೋದೆ. ಶಹಬ್ಬಾಸ್ ಅನ್ನುತ್ತಾನೆ, ಇಲ್ಲ ನೀರು ಕೊಡುತ್ತಾನೆ ಅಂದುಕೊಂಡಿದ್ದೆ. ಅವನು ಎರಡೂ ಮಾಡಲಿಲ್ಲ. ನನ್ನ ಮಣ್ಣಾದ ಕಾಲನ್ನೇ ನೋಡುತ್ತಿದ್ದ, ದವಡೆ ಬಿಗಿ ಹಿಡಿದು.

ಆ ಮುಖ ನನಗೆ ಚೆನ್ನಾಗಿ ಗೊತ್ತು. ಕನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ.

"ಹೊಟ್ಟೆ ಉರೀತಿದ್ಯಾ?" ಅಂದೆ.

"ಹೂಂ."

"ಜೋರಾಗಾ?"

"ಜೋರಾಗೇ."

"ಒಳ್ಳೇದಾಯ್ತು."

ಮನೆಗೆ ಬರುವ ದಾರಿಯಲ್ಲಿ ಕೇಳಿದೆ, ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ, ನಿನ್ನ ಮೊಳೆ ಶೂ ಕೊಡು, ಹೇಗೂ ಈ ವರ್ಷ ನಿನಗೆ ಬೇಡವಲ್ಲ.

"ನಿನ್ನ ಕಾಲಿಗೆ ಅದು ದೋಣಿ ಆಗುತ್ತೆ."

"ಬಟ್ಟೆ ತುರುಕ್ಕೊಳ್ತೀನಿ. ಕೊಡು."

"ಕೊಡಲ್ಲ ಹೋಗೇ."

ನಾನು ನಿಂತೆ. ಅವನೂ ನಿಂತ. ತಾನೇನು ಅಂದೆ ಅಂತ ಅವನಿಗೇ ಆಶ್ಚರ್ಯವಾದ ಹಾಗಿತ್ತು. ಜೈಲಿನಿಂದ ಬಂದಾಗಿನಿಂದ ಅವನು ನನಗೆ ಇಲ್ಲ ಅಂದದ್ದು ಇದೇ ಮೊದಲು.

"ಯಾಕೋ ಕೊಡಲ್ಲ?"

"ನನ್ನದು. ಅದಕ್ಕೆ."

ಅಲ್ಲಿಂದ ಮನೆಯವರೆಗೂ ಕಿತ್ತಾಡಿಕೊಂಡು ಬಂದೆವು. ಸ್ವೆಟರ್ ಎಳೆದಾಡಿದೆವು, ಒಂದು ತೋಳು ಹೊಲಿಗೆ ಬಿಟ್ಟಿತು. ಅಮ್ಮ ಬಾಗಿಲಿಗೆ ಬಂದು, "ಕತ್ತೆ ವಯಸ್ಸಾಯ್ತು ಇಬ್ಬರಿಗೂ, ಬೀದಿ ಜನ ನೋಡ್ತಿದಾರೆ" ಅಂತ ಕೂಗಿದಳು.

ಶೂ ಬಚ್ಚಿಟ್ಟಿದ್ದಾನೆ. ಬಚ್ಚಿಟ್ಟಿರುವುದು ಅವನ ಮಂಚದ ಕೆಳಗೆ, ಚೀಲದ ಹಿಂದೆ. ಚಿಕ್ಕಂದಿನಿಂದಲೂ ಅವನು ಬಚ್ಚಿಡುವುದು ಅಲ್ಲೇ.